ಹಳೆಯ ಕಂಪ್ಯೂಟರ್‌ನ ಗ್ರಾಫಿಕ್ಸ್ ಡ್ರೈವರ್: ಹೊಸದು ಹಾಕುವುದು ಹೇಗೆ, ಕೆಟ್ಟರೆ ಹಳೆಯದಕ್ಕೆ ಮರಳುವುದು ಹೇಗೆ?

ಮೂಡಿಗೆರೆ ಹತ್ತಿರ ನಮ್ಮ ಚಿಕ್ಕಪ್ಪನ ತೋಟದ ಮನೆಯಲ್ಲಿ ಹಳೆಯ ಡೆಸ್ಕ್‌ಟಾಪ್ ಒಂದಿದೆ. ಆಳುಗಳ ಬಟವಾಡೆ, ಕಾಫಿ, ಮೆಣಸಿನ ಲೆಕ್ಕ ಎಲ್ಲಾ ಅದರಲ್ಲೇ. ಕಳೆದ ಮಳೆಗಾಲದಲ್ಲಿ ಚಿಕ್ಕಪ್ಪನ ಮಗ ಅದರ ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡಲು ಕೂತ. ಅರ್ಧದಲ್ಲೇ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ಎಷ್ಟೋ ದಿನವಾಗಿತ್ತು. ಕರೆಂಟ್ ಬಂದ ಮೇಲೆ ವಿಂಡೋಸ್ ಲೋಗೋ ಕಾಣಿಸಿತು, ಆಮೇಲೆ ಬರೀ ಕಪ್ಪು ಪರದೆ. ನಾನು ಚಿಕ್ಕಮಗಳೂರಿನಿಂದ ಹೋಗುವಷ್ಟರಲ್ಲಿ ಬಟವಾಡೆ ದಿನ ಕಳೆದೇ ಹೋಗಿತ್ತು.

ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಮತ್ತು ವಿಂಡೋಸ್ ಪರಸ್ಪರ ಮಾತಾಡಲು ಬೇಕಾದ ಸಾಫ್ಟ್‌ವೇರ್ ಈ ಡ್ರೈವರ್. ಪರದೆ ಮಿನುಗುತ್ತಿದೆ, ವಿಡಿಯೊ ತಡೆದು ತಡೆದು ಓಡುತ್ತಿದೆ, ಯಾವುದೋ ಪ್ರೋಗ್ರಾಂ ಹೊಸ ಡ್ರೈವರ್ ಕೇಳುತ್ತಿದೆ ಅಥವಾ ಕಂಪನಿ ಸುರಕ್ಷತೆಯ ಅಪ್‌ಡೇಟ್ ಕೊಟ್ಟಿದೆ ಎಂದರೆ ಅಪ್‌ಡೇಟ್ ಮಾಡಿ. ಇವು ಯಾವುವೂ ಇಲ್ಲದಿದ್ದರೆ ಹಳೆಯ ಮಷಿನ್ನನ್ನು ಸುಮ್ನೆ ಕೆಣಕಬೇಡಿ.

ಮೊದಲು ಕಾರ್ಡ್ ಯಾವುದು ಎಂದು ನೋಡಿ

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಅಲ್ಲಿ ಡಿಸ್‌ಪ್ಲೇ ಅಡಾಪ್ಟರ್ಸ್ ಕೆಳಗೆ ಕಾರ್ಡ್‌ನ ಹೆಸರಿರುತ್ತದೆ. ಅದರ ಮೇಲೆ ಡಬಲ್ ಕ್ಲಿಕ್ ಮಾಡಿ ಡ್ರೈವರ್ ಟ್ಯಾಬ್‌ಗೆ ಹೋದರೆ ವರ್ಷನ್ ನಂಬರ್, ದಿನಾಂಕ ಸಿಗುತ್ತವೆ. ಮೊಬೈಲ್‌ನಲ್ಲಿ ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಎನ್‌ವಿಡಿಯಾ ಕಾರ್ಡ್ ಆದರೆ ಚುಕ್ಕಿ ಬಿಟ್ಟು ಕೊನೆಯ ಐದು ಅಂಕಿ ಮಾತ್ರ ಓದಿ. 47514 ಎಂದಿದ್ದರೆ ನಿಮ್ಮ ಡ್ರೈವರ್ 475.14.

ಹಳೆಯ ಕಾರ್ಡ್‌ಗಳಿಗೆ ಹೊಸ ಡ್ರೈವರ್ ಬರುವುದು ಒಂದು ಹಂತದಲ್ಲಿ ನಿಂತುಹೋಗುತ್ತದೆ. ಎನ್‌ವಿಡಿಯಾದ ಜಿಫೋರ್ಸ್ 400, 500 ಸರಣಿಗೆ 2018ರ 391.35 ಕೊನೆಯದು. 600 ಸರಣಿ ಮತ್ತು 700 ಸರಣಿಯ ಹೆಚ್ಚಿನ ಕಾರ್ಡ್‌ಗಳಿಗೆ ಹೊಸ ಗೇಮ್ ಡ್ರೈವರ್ 2021ರಲ್ಲಿ ನಿಂತಿತು. ಆಮೇಲೆ 2024ರವರೆಗೆ ಸುರಕ್ಷತೆಯ ಅಪ್‌ಡೇಟ್ ಮಾತ್ರ ಬಂತು. ಎಎಂಡಿಯ ಎಚ್‌ಡಿ 7000 ಸರಣಿಯನ್ನೂ 2021ರಲ್ಲೇ ಹಳೆಯ ಪಟ್ಟಿಗೆ ಸೇರಿಸಿದರು. ಎನ್‌ವಿಡಿಯಾದ ಜಿಟಿ 730 ಕಾರ್ಡ್ ಇರುವವರು ಇನ್ನೂ ಜಾಸ್ತಿ ಹುಷಾರಾಗಿರಬೇಕು. ಒಂದೇ ಹೆಸರಿನಲ್ಲಿ ಬೇರೆ ಬೇರೆ ಚಿಪ್‌ಗಳ ಕಾರ್ಡ್ ಮಾರಾಟವಾಗಿವೆ. ಪಕ್ಕದ ಮನೆಯವರ ಜಿಟಿ 730ಗೆ ಹೊಂದಿದ ಡ್ರೈವರ್ ನಿಮ್ಮದಕ್ಕೆ ಹೊಂದದೇ ಇರಬಹುದು.

ಹಾಕುವ ಮುಂಚೆ

ಡ್ರೈವರನ್ನು ಕಾರ್ಡ್ ಕಂಪನಿಯ ವೆಬ್‌ಸೈಟ್‌ನಿಂದಲೇ ಇಳಿಸಿಕೊಳ್ಳಿ. ಲ್ಯಾಪ್‌ಟಾಪ್ ಆದರೆ ಅದನ್ನು ತಯಾರಿಸಿದ ಕಂಪನಿಯ ಸೈಟನ್ನು ಮೊದಲು ನೋಡಿ. ‘ಎಲ್ಲಾ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ’ ಎಂದು ಹೇಳುವ ಪ್ರೋಗ್ರಾಂಗಳ ಸಹವಾಸ ಬೇಡವೇ ಬೇಡ. ಹೊಸ ಡ್ರೈವರ್ ಜೊತೆಗೆ, ಈಗ ಓಡುತ್ತಿರುವ ವರ್ಷನ್ನನ್ನೂ ಹುಡುಕಿ ಪೆನ್ ಡ್ರೈವ್‌ಗೆ ಹಾಕಿಡಿ. ಎಷ್ಟೋ ಜನ ಇದನ್ನೇ ಮರೆಯುತ್ತಾರೆ.

ನಂತರ ವಿಂಡೋಸ್‌ನ ಸಿಸ್ಟಂ ಪ್ರೊಟೆಕ್ಷನ್‌ನಲ್ಲಿ ಒಂದು ರಿಸ್ಟೋರ್ ಪಾಯಿಂಟ್, ಅಂದರೆ ಕೆಟ್ಟರೆ ಇವತ್ತಿನ ಸ್ಥಿತಿಗೆ ಮರಳಲು ಒಂದು ಗುರುತು, ಮಾಡಿ. ಸಿಸ್ಟಂ ಪ್ರೊಟೆಕ್ಷನ್ ಆಫ್ ಆಗಿದ್ದರೆ ಕಾನ್ಫಿಗರ್ ಒತ್ತಿ ಆನ್ ಮಾಡಬೇಕು. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಇದ್ದರೆ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಮುಂದೆ ಸೇಫ್ ಮೋಡ್‌ಗೆ ಹೋಗುವಾಗ ಕೇಳಬಹುದು.

ಇನ್ನು ಕರೆಂಟ್ ವಿಷಯ. ಮಲೆನಾಡಿನ ಮಳೆಯಲ್ಲಿ ಮರ ಬಿದ್ದು ಲೈನ್ ಹೋಗುವುದು ನಮಗೆ ಹೊಸದಲ್ಲ, ಅಲ್ವಾ? ಯುಪಿಎಸ್ ಇದ್ದರೆ ಅದು ಹತ್ತು ನಿಮಿಷವಾದರೂ ತಡೆಯುತ್ತದಾ ಎಂದು ಮುಂಚೆಯೇ ಪರೀಕ್ಷಿಸಿ. ಲ್ಯಾಪ್‌ಟಾಪ್ ಆದರೆ ಫುಲ್ ಚಾರ್ಜ್ ಇರಲಿ, ಚಾರ್ಜರ್ ಕೂಡ ಹಾಕಿರಲಿ. ಗಾಳಿ ಮಳೆ ಶುರುವಾಗಿದ್ದರೆ ಆ ದಿನ ಬೇಡ.

ಡ್ರೈವರ್ ಇನ್‌ಸ್ಟಾಲ್ ಆಗುವಾಗ ಪರದೆ ಕೆಲವು ಸೆಕೆಂಡ್ ಕಪ್ಪಾಗಿ ಮತ್ತೆ ಬರುತ್ತದೆ. ಗಾಬರಿಯಾಗಿ ಪವರ್ ಬಟನ್ ಒತ್ತಬೇಡಿ. ಮುಗಿದ ಮೇಲೆ ಒಮ್ಮೆ ರೀಸ್ಟಾರ್ಟ್ ಮಾಡಿ.

ಹಳೆಯದಕ್ಕೆ ಮರಳಬೇಕಾದರೆ

ಪರದೆ ಕಾಣುತ್ತಿದ್ದರೆ ಕೆಲಸ ಸುಲಭ. ಫೋಟೊ ತೆಗೆದಿರಲ್ಲ, ಅದೇ ಡ್ರೈವರ್ ಟ್ಯಾಬ್‌ನಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ. ಆ ಬಟನ್ ಮಸುಕಾಗಿದ್ದರೆ ಹಳೆಯ ಡ್ರೈವರ್ ವಿಂಡೋಸ್ ಹತ್ತಿರ ಇಲ್ಲ ಎಂದರ್ಥ. ಆಗ ಮೊದಲು ಇಂಟರ್‌ನೆಟ್ ಕೇಬಲ್ ಕಿತ್ತು, ವೈಫೈ ಆಫ್ ಮಾಡಿ. ಇಲ್ಲವಾದರೆ ನೀವು ತೆಗೆದ ಡ್ರೈವರನ್ನು ವಿಂಡೋಸ್ ತಾನಾಗಿಯೇ ಮತ್ತೆ ತಂದು ಹಾಕಬಹುದು. ಆಮೇಲೆ ‘ಅನ್‌ಇನ್‌ಸ್ಟಾಲ್ ಡಿವೈಸ್’ ಒತ್ತಿ, ಡ್ರೈವರ್ ಸಾಫ್ಟ್‌ವೇರ್ ಅಳಿಸುವ ಚೌಕಕ್ಕೆ ಟಿಕ್ ಹಾಕಿ, ರೀಸ್ಟಾರ್ಟ್ ಮಾಡಿ. ಅಕ್ಷರಗಳು ದೊಡ್ಡದಾಗಿ ಕಂಡರೆ ಹೆದರಬೇಡಿ, ಅದು ಮೈಕ್ರೋಸಾಫ್ಟ್‌ನ ಬೇಸಿಕ್ ಡ್ರೈವರ್. ಈಗ ಪೆನ್ ಡ್ರೈವ್‌ನಲ್ಲಿರುವ ಹಳೆಯದನ್ನು ಹಾಕಿ.

ಪರದೆ ಪೂರ್ತಿ ಕಪ್ಪಾಗಿದ್ದರೆ, ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಈ ನಾಲ್ಕು ಕೀಗಳನ್ನು ಒಟ್ಟಿಗೆ ಒತ್ತಿ ನೋಡಿ. ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರುವಾಗುತ್ತದೆ. ಅದಕ್ಕೂ ಜಗ್ಗದಿದ್ದರೆ ಕಂಪ್ಯೂಟರ್ ಆನ್ ಮಾಡಿ, ಲೋಗೋ ಬಂದ ಕೂಡಲೇ ಪವರ್ ಬಟನ್ ಒತ್ತಿಹಿಡಿದು ಆಫ್ ಮಾಡಿ. ಎರಡು ಮೂರು ಸಲ ಹೀಗೆ ಮಾಡಿದರೆ ರಿಪೇರಿ ಪರದೆ ಬರುತ್ತದೆ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟ್ಅಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್, ಕೊನೆಗೆ 4 ಒತ್ತಿ. ಇದು ಸೇಫ್ ಮೋಡ್. ಕಾರ್ಡ್‌ನ ಡ್ರೈವರ್ ಇಲ್ಲದೆಯೇ ಓಡುವುದರಿಂದ ಪರದೆ ಕಾಣುತ್ತದೆ. ಚಿಕ್ಕಪ್ಪನ ಕಂಪ್ಯೂಟರ್ ಬದುಕಿದ್ದು ಇಲ್ಲೇ. ಮೇಲೆ ಹೇಳಿದ ರೋಲ್ ಬ್ಯಾಕನ್ನು ಇಲ್ಲೂ ಮಾಡಬಹುದು. ಆಗದಿದ್ದರೆ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲೇ ಇರುವ ಸಿಸ್ಟಂ ರಿಸ್ಟೋರ್‌ನಿಂದ, ನೀವು ಮಾಡಿಟ್ಟ ರಿಸ್ಟೋರ್ ಪಾಯಿಂಟ್‌ಗೆ ಹಿಂತಿರುಗಿ.

ಎಲ್ಲಾ ಸರಿಹೋದ ಮೇಲೆ ಒಂದು ವಿಡಿಯೊ ಓಡಿಸಿ ನೋಡಿ, ಕಂಪ್ಯೂಟರನ್ನು ಸ್ಲೀಪ್‌ಗೆ ಹಾಕಿ ಎಬ್ಬಿಸಿ ನೋಡಿ. ನಂತರ ಇಂಟರ್‌ನೆಟ್ ಜೋಡಿಸಿದ ಕೂಡಲೇ ವಿಂಡೋಸ್ ಅಪ್‌ಡೇಟನ್ನು ಒಂದು ವಾರ ನಿಲ್ಲಿಸಿಡಿ (ಪಾಝ್). ಆ ವಾರ ಏನೂ ತೊಂದರೆ ಕಾಣದಿದ್ದರೆ ಮತ್ತೆ ಆನ್ ಮಾಡಿ. ಪೆನ್ ಡ್ರೈವ್ ಮಾತ್ರ ಅಳಿಸಬೇಡಿ.