ಗುಜರಿ ಕಿಲ್ನ್ 1220 ಡಿಗ್ರಿ ಮುಟ್ಟಿದ್ದು ಹೀಗೆ

ತೂಕಕ್ಕೆ ಹಾಕಿಬಿಡಿ ಎಂದವರೇ ಹೆಚ್ಚು. ಮಡಕೆ ಸುಡುವ ಕರೆಂಟಿನ ಕುಲುಮೆ ಅದು: ನೂರು ಲೀಟರಿನ, 6 ಕಿಲೋವ್ಯಾಟಿನ, ಮೂರು ಫೇಸಿನ, ಮುಂದೆ ಬಾಗಿಲಿರುವ ಫ್ರಂಟ್ ಲೋಡರ್. ಎರಡು ಮಳೆಗಾಲ ಬಯಲಲ್ಲೇ ನಿಂತಿತ್ತು. ಕೊಟ್ಟದ್ದು 22 ಸಾವಿರ.

ಬಾಗಿಲಂಚಿನಲ್ಲಿ ಕಾವು ತಡೆಯುವ ಹಳೆ ಸೆರಾಮಿಕ್ ಫೈಬರನ್ನು ಒದ್ದೆ ಇದ್ದಾಗಲೇ ಮಾಸ್ಕ್ ಹಾಕಿ ಕಿತ್ತೆ. ಕಾದು ಹಳತಾದ ಫೈಬರಿನಲ್ಲಿ ಕ್ರಿಸ್ಟೋಬಲೈಟ್ ಎಂಬ ಸಿಲಿಕಾ ಇರುತ್ತದೆ, ಆ ಧೂಳು ಶ್ವಾಸಕೋಶಕ್ಕೆ ವಿಷ. ಆಮೇಲೆ ಕರೆಂಟು ಸೋರುತ್ತದೆಯೇ ಎಂದು ಅಳೆಯುವ ಮೆಗ್ಗರ್. 500 ವೋಲ್ಟಿಗೆ ಕಾಯುವ ತಂತಿಯ ಕಾಯಿಲ್ ಮತ್ತು ಬಾಡಿಯ ನಡುವೆ 0.2 ಮೆಗಾಓಮ್ ಕೂಡ ಬರಲಿಲ್ಲ. ಇಟ್ಟಿಗೆ ಅಷ್ಟು ನೀರು ಕುಡಿದಿತ್ತು. ಬಾಗಿಲು ಓರೆ ಮಾಡಿ, ಒಳಗೆ 200 ವ್ಯಾಟಿನ ಬಲ್ಬು ನಾಲ್ಕು ದಿನ ಉರಿಸಿದ ಮೇಲೆ 5 ಮೆಗಾಓಮ್ ದಾಟಿತು. ಒಣಗಿಸದೆ ಕರೆಂಟು ಕೊಟ್ಟರೆ, ಸೋರಿಕೆ ಕಂಡೊಡನೆ ಲೈನು ಕಡಿಯುವ ಆರ್‌ಸಿಸಿಬಿ ಬೀಳುತ್ತದೆ. ಬಿದ್ದರೆ ಅದನ್ನು ಬೈಪಾಸ್ ಮಾಡಲೇಬೇಡಿ.

ಕಾಯಿಲ್ 1.6 ಮಿ.ಮೀ. ಕಾಂತಲ್ ಎ-1, ಕಬ್ಬಿಣ-ಕ್ರೋಮಿಯಂ-ಅಲ್ಯುಮಿನಿಯಂ ಮಿಶ್ರಲೋಹದ ತಂತಿ. ಫೇಸಿಗೆ 38 ಮೀಟರ್, 26.5 ಓಮ್, 230 ವೋಲ್ಟಿಗೆ 8.7 ಆಂಪಿಯರ್. ಮೂರಕ್ಕೂ ಸೇರಿ ಸುಮಾರು 1.6 ಕೆಜಿ ತಂತಿ. ಖಾಲಿ ಕಿಲ್ನನ್ನು 1050 ಡಿಗ್ರಿಗೆ ಒಯ್ದು ಏಳೆಂಟು ಗಂಟೆ ನಿಲ್ಲಿಸಿದರೆ ತಂತಿಯ ಮೇಲೆ ಅದನ್ನು ಕಾಪಾಡುವ ಅಲ್ಯುಮಿನಾ ಪದರ ಕಟ್ಟುತ್ತದೆ. ತಣ್ಣಗಾದ ಮೇಲೆ ಮೇನ್ ಆಫ್ ಮಾಡಿ ಟರ್ಮಿನಲ್ ಬೋಲ್ಟುಗಳನ್ನೆಲ್ಲ ಮತ್ತೆ ಬಿಗಿಯಬೇಕು, ಮೊದಲ ಕಾವಿಗೇ ಸಡಿಲಾಗಿರುತ್ತವೆ. ನಾನು ಒಂದನ್ನು ಬಿಟ್ಟಿದ್ದೆ, ಕಾಯಿಲಿನ ತುದಿ ಕರಕಲಾಯಿತು.

ದುಬಾರಿ ಬಿದ್ದದ್ದು ಬೇರೆ ತಪ್ಪು. ಕಾಯಿಲ್ ಕೂರುವ ಇಟ್ಟಿಗೆಯ ತೋಡಿನ ಬಿರುಕಿಗೆ ಸೋಡಿಯಂ ಸಿಲಿಕೇಟ್ ಗಾರೆ ಮೆತ್ತಿದ್ದೆ. ಮೂರನೇ ಸುಡುವಿಕೆಯಲ್ಲಿ ಅದು ಗಾಜಾಗಿ ಕರಗಿ ತಂತಿಯನ್ನೇ ತಿಂದಿತು. ಮೂರೂವರೆ ಸಾವಿರ ಹೋಯಿತು. ಈಗ ಅಷ್ಟು ಇಟ್ಟಿಗೆ ಕೊಯ್ದು, ಹಾಟ್ ಫೇಸ್ (ಒಳಮೈಯ ಕಾವು ತಡೆಯುವ) ಇಟ್ಟಿಗೆಯ ಹೊಸ ತುಂಡನ್ನು ಗಾರೆಯಿಲ್ಲದೆ ಕೂರಿಸಿ ಕಾಂತಲ್ ಪಿನ್ನು ಹೊಡೆಯುತ್ತೇನೆ. ಪಿನ್ನಿನ ಓರೆ ಎಷ್ಟೆಂಬುದು ನನ್ನ ಹತ್ತಿರವೇ ಇರಲಿ.

ಎಸ್‌ಎಸ್‌ಆರ್ (ಕಾಯಿಲಿನ ಕರೆಂಟನ್ನು ಆನ್-ಆಫ್ ಮಾಡುವ ಎಲೆಕ್ಟ್ರಾನಿಕ್ ಸ್ವಿಚ್ಚು) ಕೆಟ್ಟರೆ ಸಾಮಾನ್ಯವಾಗಿ ಆನ್ ಆಗಿಯೇ ಅಂಟಿಕೊಳ್ಳುತ್ತದೆ. ಅದಕ್ಕೇ ಅದರ ಹಿಂದೆ ಪೂರ್ತಿ ಲೈನು ಕಡಿಯುವ ಕಾಂಟ್ಯಾಕ್ಟರ್, ಕಾವು ಮಿತಿಮೀರಿದರೆ ಅದನ್ನು ಬೀಳಿಸಲು ಬೇರೆ ಥರ್ಮೋಕಪಲ್ (ಕಾವು ಅಳೆಯುವ ತಂತಿಜೋಡಿ) ಇರುವ ಎರಡನೇ ಕಂಟ್ರೋಲರ್. ಬಾಗಿಲು ತೆರೆದರೆ ಅಲ್ಲಿನ ಲಿಮಿಟ್ ಸ್ವಿಚ್ಚೂ ಅದೇ ಕಾಂಟ್ಯಾಕ್ಟರನ್ನು ಬೀಳಿಸುತ್ತದೆ. ಬಾಡಿಗೂ ಬಾಗಿಲಿಗೂ ಬೇರೆ ಬೇರೆ ಅರ್ತ್ ವೈರ್; ಕೀಲು ನಂಬುವಂಥದ್ದಲ್ಲ. ಎಸ್ ಟೈಪ್ ಥರ್ಮೋಕಪಲ್‌ಗೆ ಮೊದಲು ಮಾಮೂಲಿ ತಾಮ್ರದ ವೈರ್ ಎಳೆದಿದ್ದೆ. ಟರ್ಮಿನಲ್ ಹತ್ತಿರ 70, ಕಂಟ್ರೋಲರ್ ಹತ್ತಿರ 35 ಡಿಗ್ರಿ; ಡಿಸ್‌ಪ್ಲೇ ಸುಮಾರು 20 ಕಡಿಮೆ ತೋರಿಸಿ 1220ರ ಸುಮಾರಿಗೆ ಬಾಗಬೇಕಾದ ಪರೀಕ್ಷಾ ಶಂಕು, ಕೋನ್ 6, ಪೂರ್ತಿ ಮಲಗಿತ್ತು. ಆ ವ್ಯತ್ಯಾಸ ಸರಿದೂಗಿಸುವ ಕಾಂಪೆನ್ಸೇಟಿಂಗ್ ಕೇಬಲ್ ಹಾಕಿದ ಮೇಲೆ ಸರಿಹೋಯಿತು.

ಒಟ್ಟು ಖರ್ಚು 58 ಸಾವಿರದ ಆಸುಪಾಸು. ಒಂಬತ್ತೂವರೆ ಗಂಟೆಗೆ, ನಲವತ್ತೈದು ಯೂನಿಟ್ಟಿನ ಒಳಗೆ 1220 ಮುಟ್ಟುತ್ತದೆ. ನಲವತ್ತು ಲೋಡ್ ಸುಟ್ಟಾಗಿದೆ. ಕೆಳಗಿನ ಶೆಲ್ಫ್ ಮಾತ್ರ ಇನ್ನೂ ಕೋನ್ 5ರ ಹತ್ತಿರವೇ, ಅಂದರೆ ತುಸು ಕಡಿಮೆ ಕಾವಿನಲ್ಲೇ, ಉಳಿಯುತ್ತಿದೆ. ಅಲ್ಲಿ ಕಾಯಿಲಿನ ಸುತ್ತುಗಳನ್ನು ಒತ್ತೊತ್ತಾಗಿ ಕೂರಿಸಿ ನೋಡುತ್ತಿದ್ದೇನೆ.