ವಿಚಾರಣೆಯಲ್ಲಿರುವ ಪ್ರಕರಣ: ನ್ಯಾಯಾಧೀಶರಿಗೆ ವಿಷಯ ತಿಳಿಸುವ ಕ್ರಮ

ಸನ್ನದು ಪಡೆದು ಬೆಂಗಳೂರಿನ ಕೆಂಪೇಗೌಡ ರಸ್ತೆಯ ನ್ಯಾಯಾಲಯಗಳಿಗೋ ಅಠಾರಾ ಕಚೇರಿಯ ಹೈಕೋರ್ಟಿಗೋ ಹೊಸದಾಗಿ ಬರುವ ಕಿರಿಯ ವಕೀಲರನ್ನು ಕಕ್ಷಿದಾರರು ಕೇಳುವ ಮೊದಲ ಮಾತುಗಳಲ್ಲಿ ಇದೂ ಒಂದು: “ಜಡ್ಜ್ ಸಾಹೇಬರಿಗೆ ಯಾರ ಮೂಲಕವಾದರೂ ಒಂದು ಮಾತು ಹೇಳಿಸಲು ಆಗುತ್ತದೆಯೇ ಸಾರ್?” ಇದಕ್ಕೆ ಅಂದೇ, ಸ್ಪಷ್ಟವಾಗಿ, ಆಗುವುದಿಲ್ಲ ಎನ್ನಬೇಕು. 1961ರ ವಕೀಲರ ಕಾಯ್ದೆಯಡಿ ಭಾರತೀಯ ವಕೀಲರ ಪರಿಷತ್ತು ರೂಪಿಸಿರುವ ನಿಯಮಗಳು ಬಾಕಿ ಇರುವ ಪ್ರಕರಣದ ಬಗ್ಗೆ ನ್ಯಾಯಾಧೀಶರೊಡನೆ ಖಾಸಗಿ ಸಂಪರ್ಕವನ್ನು ನಿಷೇಧಿಸಿವೆ. ಅನುಚಿತ ಮಾರ್ಗವನ್ನೇ ಹಿಡಿಯುತ್ತೇನೆಂದು ಹಟ ಮಾಡುವ ಕಕ್ಷಿದಾರನ ವಕಾಲತ್ತನ್ನು ಒಪ್ಪಿಕೊಳ್ಳಬಾರದೆಂದೂ ಅವೇ ನಿಯಮಗಳು ಹೇಳುತ್ತವೆ. ಕಬ್ಬನ್ ಪಾರ್ಕಿನ ಬೆಳಗಿನ ನಡಿಗೆಯಲ್ಲಿ ಅಥವಾ ಮದುವೆಮನೆಯಲ್ಲಿ ನ್ಯಾಯಾಧೀಶರು ಎದುರಾದರೆ ನಮಸ್ಕಾರಕ್ಕೆ ಅಡ್ಡಿಯಿಲ್ಲ; ಪ್ರಕರಣದ ಸುದ್ದಿ ಮಾತ್ರ ಬರಕೂಡದು.

ಹಾಗಾದರೆ ತಿಳಿಸುವ ದಾರಿ ಯಾವುದು? ಕಲಾಪದ ಹೊರಗೆ ಏನನ್ನಾದರೂ ತಿಳಿಸಬೇಕಾದಾಗ ಮೆಮೊ (ಚಿಕ್ಕ ಲಿಖಿತ ಟಿಪ್ಪಣಿ) ಅಥವಾ ಮಧ್ಯಂತರ ಅರ್ಜಿ (ಪ್ರಕರಣ ನಡೆಯುತ್ತಿರುವಾಗಲೇ ಕೊಡುವ ಅರ್ಜಿ) ಸಿದ್ಧಪಡಿಸಿ, ಅದರ ಪ್ರತಿಯನ್ನು ಎದುರು ಪಕ್ಷದ ವಕೀಲರಿಗೆ ಕೊಟ್ಟು, ಸ್ವೀಕರಿಸಿದ್ದಕ್ಕೆ ಅವರ ಸಹಿ ಪಡೆದು, ಆನಂತರವೇ ಸಲ್ಲಿಸಬೇಕು. ತುರ್ತಾಗಿ ಮೆನ್ಷನ್ ಮಾಡಬೇಕಿದ್ದರೆ, ಅಂದರೆ ಪ್ರಕರಣವನ್ನು ಬೇಗ ಕೈಗೆತ್ತಿಕೊಳ್ಳುವಂತೆ ಪೀಠವನ್ನು ಬಾಯಿಮಾತಿನಲ್ಲಿ ಕೋರಬೇಕಿದ್ದರೆ, ಎದುರಿನವರಿಗೆ ಮೊದಲೇ ಫೋನ್ ಮಾಡಿ, ಸಂದೇಶವನ್ನೂ ಕಳುಹಿಸಿ, ತಿಳಿಸಿರುವ ಸಂಗತಿಯನ್ನು ಪೀಠದ ಮುಂದೆ ನೀವಾಗಿಯೇ ಹೇಳಿ. ಅವರು ಒಪ್ಪಿದ್ದರೆ ಮಾತ್ರ “ಒಪ್ಪಿದ್ದಾರೆ” ಎನ್ನಿ.

ಹೆಚ್ಚು ಎಡವುವುದು ವಾಯಿದೆ, ಅಂದರೆ ವಿಚಾರಣೆಯ ಮುಂದೂಡಿಕೆ, ಕೇಳುವಾಗ. ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೇ ಆದೇಶದಂತೆ ವಿಚಾರಣೆಯ ಹಂತದಲ್ಲಿ ಒಬ್ಬ ಪಕ್ಷಕಾರನಿಗೆ ಮೂರಕ್ಕಿಂತ ಹೆಚ್ಚು ವಾಯಿದೆ ಕೊಡುವಂತಿಲ್ಲ. ವಕೀಲರು ಬೇರೆ ನ್ಯಾಯಾಲಯದಲ್ಲಿ ಇದ್ದಾರೆಂಬುದು ಕಾರಣವೇ ಅಲ್ಲ. ಆದ್ದರಿಂದ ನಿಜವಾದ ಕಾರಣವನ್ನಷ್ಟೇ ಹೇಳಿ. ಹಿರಿಯ ವಕೀಲರು ಹೈಕೋರ್ಟಿನಲ್ಲಿದ್ದಾಗ ಜ್ವರವೆಂದು ಹೇಳಿಸುವ ಅಭ್ಯಾಸ ಚಿಕ್ಕದೆಂದು ತೋರಬಹುದು, ಆದರೆ ನಾಳೆ ನಿಜವಾಗಿ ಜ್ವರ ಬಂದ ದಿನ ನಿಮ್ಮ ಮಾತನ್ನು ಪೀಠ ನಂಬದಿದ್ದರೆ ನಷ್ಟ ಕಕ್ಷಿದಾರನಿಗೆ. ವಾಯಿದೆ ಬೇಕೆಂಬುದು ಹಿಂದಿನ ದಿನವೇ ಗೊತ್ತಿದ್ದರೆ ಎದುರಿನ ವಕೀಲರಿಗೆ ಅಂದೇ ತಿಳಿಸಿ. ಸಾಕ್ಷಿ ಹೇಳಲು ಕೋಲಾರದಿಂದಲೋ ತುಮಕೂರಿನಿಂದಲೋ ದಿನಗೂಲಿ ಬಿಟ್ಟು ಬರುವ ಮನುಷ್ಯನ ಒಂದು ದಿನ ಅದರಿಂದ ಉಳಿಯುತ್ತದೆ.

ಸಂಬೋಧನೆಯ ಬಗ್ಗೆ ಗೊಂದಲ ಬೇಡ. ಉಚ್ಚ ನ್ಯಾಯಾಲಯಗಳಲ್ಲಿ “ಆನರೆಬಲ್ ಕೋರ್ಟ್”, ಅಧೀನ ನ್ಯಾಯಾಲಯಗಳಲ್ಲಿ “ಸರ್” ಅಥವಾ ಪ್ರಾದೇಶಿಕ ಭಾಷೆಯ ಸಮಾನ ಪದ ಸಾಕೆಂದು ಪರಿಷತ್ತು 2006ರಲ್ಲೇ ಹೇಳಿದೆ. ವಿಚಾರಣಾ ನ್ಯಾಯಾಲಯದಲ್ಲಿ ಕನ್ನಡದಲ್ಲೇ ನಿವೇದಿಸುವವರಿಗೆ “ಸ್ವಾಮಿ” ಎಂಬ ಪದ ಗೌರವಯುತವಾಗಿಯೇ ಇದೆ.

ನಿಮಗೆ ವಿರುದ್ಧವಾದ ತೀರ್ಪು ಗೊತ್ತಿದ್ದರೆ ಅದನ್ನು ಮರೆಮಾಡದೆ ಮುಂದಿಟ್ಟು, ನಿಮ್ಮ ಪ್ರಕರಣ ಅದಕ್ಕಿಂತ ಹೇಗೆ ಬೇರೆಯೆಂದು ವಾದಿಸಿ. ವಾದದಲ್ಲಿ ತಪ್ಪು ದಿನಾಂಕವನ್ನೋ ತಪ್ಪು ಸಂಗತಿಯನ್ನೋ ಹೇಳಿದ್ದೀರೆಂದು ಸಂಜೆ ಕಚೇರಿಯಲ್ಲಿ ಕಡತ ತಿರುವುವಾಗ ಗೊತ್ತಾದರೆ, ಆದೇಶ ಬರುವ ಮೊದಲೇ, ಎದುರು ಪಕ್ಷಕ್ಕೆ ಪ್ರತಿ ಕೊಟ್ಟು, ತಿದ್ದುಪಡಿಯ ಮೆಮೊ ಸಲ್ಲಿಸಿ.