ಕಲ್ಲೋ ಪಳೆಯುಳಿಕೆಯೋ: ಕೈಗೆತ್ತಿಕೊಂಡ ಮೇಲೆ ಏನು ನೋಡಬೇಕು

ನನ್ನ ಮೇಜಿನ ಮೇಲೆ ಅಂಗೈಯಗಲದ ಒಂದು ಸುಣ್ಣಕಲ್ಲಿನ ಚಕ್ಕೆ ಇದೆ. ನಸುಹಳದಿ ಬಣ್ಣ. ಅದರ ಮೇಲೆ ಕಪ್ಪು ಮಸಿಯಲ್ಲಿ ಬರೆದಂತೆ ಒಂದು ಪುಟ್ಟ ಜರಿಗಿಡ. ಭೂವಿಜ್ಞಾನ ಓದಲು ಸೇರಿದ ಮೊದಲ ವರ್ಷ ಅದನ್ನು ಸಸ್ಯದ ಪಳೆಯುಳಿಕೆ ಎಂದೇ ನಂಬಿ ಹತ್ತಿಯಲ್ಲಿ ಸುತ್ತಿ ಇಟ್ಟುಕೊಂಡಿದ್ದೆ. ನಮ್ಮ ಮೇಷ್ಟ್ರು ಕೈಗೆ ಲೆನ್ಸ್ ಕೊಟ್ಟು, "ಎಲೆ ಅಂತೀಯಲ್ಲಮ್ಮ, ನಡುನರ ಎಲ್ಲಿದೆ ತೋರಿಸು" ಅಂದರು. ಎಷ್ಟು ಹುಡುಕಿದರೂ ಸಿಗಲಿಲ್ಲ. ಆಮೇಲೆ ಎಷ್ಟೋ ವರ್ಷ ನಾನೇ ಪಾಠ ಮಾಡಿದೆ. ಯಾರು ಕಲ್ಲು ತಂದು ತೋರಿಸಿದರೂ ಆ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಆಕಾರ ಯಾವುದನ್ನು ಹೋಲುತ್ತದೆ ಎಂಬುದು ಆಮೇಲಿನ ಮಾತು. ಜೀವಿಯ ಮೈಯಲ್ಲಿ ಇರಲೇಬೇಕಾದ ರಚನೆ ಅದರಲ್ಲಿ ಇದೆಯೇ?

ಆದರೆ ಅದಕ್ಕೂ ಮೊದಲು ಕಲ್ಲು ಯಾವ ಜಾತಿಯದು ನೋಡಿ. ಕರಗಿದ ಶಿಲಾಪಾಕ ನೆಲದಾಳದಲ್ಲಿ ತಣಿದು ಗ್ರಾನೈಟ್ ಆಗುತ್ತದೆ. ಅದರೊಳಗೆ ಮೀನೂ ಇರದು, ಎಲೆಯೂ ಇರದು. ಹುಡುಕಬೇಕಾದದ್ದು ಕೆಸರು, ಮರಳು, ಸುಣ್ಣ ಪದರಪದರವಾಗಿ ಕೂತು ಗಟ್ಟಿಯಾದ ಕಲ್ಲುಗಳಲ್ಲಿ: ಶೇಲ್, ಮರಳುಗಲ್ಲು, ಸುಣ್ಣಕಲ್ಲು. ಜ್ವಾಲಾಮುಖಿಯ ಬೂದಿ ಕೂತ ಪದರಗಳಲ್ಲೂ ಒಳ್ಳೆಯ ಪಳೆಯುಳಿಕೆ ಸಿಗುತ್ತವೆ. ಶಾಖ, ಒತ್ತಡಕ್ಕೆ ಸಿಕ್ಕಿ ರೂಪಾಂತರಗೊಂಡ ಕಲ್ಲುಗಳಲ್ಲಿ ಮಾತ್ರ ತುಂಬ ಎಚ್ಚರ ಬೇಕು. ಕೆನಡಾದ ಇಂಥದ್ದೇ ಕಲ್ಲಿನ ಹಸಿರು-ಬಿಳಿ ಪಟ್ಟೆಗಳನ್ನು ಅತಿ ಪ್ರಾಚೀನ ಜೀವಿಯೆಂದು ಬಗೆದು 1865ರಲ್ಲಿ ಎಯೊಜೂನ್ ಎಂದು ಹೆಸರಿಟ್ಟರು. 1894ರಲ್ಲಿ ಅಂಥದೇ ಪಟ್ಟೆಗಳು ವೆಸೂವಿಯಸ್ ಜ್ವಾಲಾಮುಖಿ ಉಗುಳಿದ ಸುಣ್ಣಕಲ್ಲಿನ ತುಂಡುಗಳಲ್ಲೂ ಕಂಡವು. ಶಾಖಕ್ಕೆ ಖನಿಜಗಳೇ ಹಾಗೆ ಸಾಲುಗಟ್ಟಿದ್ದವು.

ಕಲ್ಲು ಸರಿಯಾದ ಜಾತಿಯದು ಅಂತಾದರೆ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೆನ್ಸ್ ತೆಗೆದುಕೊಳ್ಳಿ. ಲೆನ್ಸನ್ನು ಕಣ್ಣಿಗೆ ಒತ್ತಿ ಹಿಡಿದು ಕಲ್ಲನ್ನೇ ಹತ್ತಿರ ತನ್ನಿ. ಬಿಸಿಲು ಓರೆಯಾಗಿ ಬೀಳುವಂತೆ ಕಲ್ಲನ್ನು ತಿರುಗಿಸುತ್ತಾ ಇರಿ. ನೇರ ಬೆಳಕಿನಲ್ಲಿ ಕಾಣದ ಗೆರೆಗಳು ಓರೆ ಬೆಳಕಿನಲ್ಲಿ ಎದ್ದು ನಿಲ್ಲುತ್ತವೆ.

ನನ್ನ ಜರಿಗಿಡವನ್ನೇ ನೋಡಿ. ಕವಲುಗಳೆಲ್ಲ ಕಲ್ಲಿನ ಒಂದು ಬಿರುಕಿನಿಂದ ಹೊರಟಿವೆ. ನಡುವೆ ದಂಟಿಲ್ಲ, ಎಲೆಗೆ ಅಂಚಿಲ್ಲ, ಒಂದು ಕವಲಿನ ಹಾಗೆ ಇನ್ನೊಂದಿಲ್ಲ. ಮ್ಯಾಂಗನೀಸು, ಕಬ್ಬಿಣ ಕರಗಿದ ನೀರು ಪದರಗಳ ಸಂದಿಯಲ್ಲಿ ಹರಡಿಕೊಂಡು ಅವುಗಳ ಆಕ್ಸೈಡನ್ನು ಅಲ್ಲೇ ಬಿಟ್ಟು ಹೋದಾಗ ಮೂಡುವ ಚಿತ್ತಾರ ಇದು; ಡೆಂಡ್ರೈಟ್ ಅನ್ನುತ್ತಾರೆ. ನಿಜವಾದ ಜರಿಗಿಡದ ಪಳೆಯುಳಿಕೆಯಲ್ಲಿ ನಡುದಂಟಿನ ಎರಡೂ ಬದಿಗೆ ಕಿರುಎಲೆಗಳು ಒಂದೇ ಕ್ರಮದಲ್ಲಿ, ತುದಿಯ ಕಡೆ ಚಿಕ್ಕದಾಗುತ್ತಾ ಹೋಗುತ್ತವೆ. ಪ್ರತಿ ಕಿರುಎಲೆಗೂ ತನ್ನದೇ ನರ ಇರುತ್ತದೆ.

ಸುರುಳಿಗಳದು ಬೇರೆ ಕಥೆ. ಮರಳುಗಲ್ಲಿನಲ್ಲಿ ಕಬ್ಬಿಣದ ತುಕ್ಕು ಉಂಗುರದೊಳಗೆ ಉಂಗುರ ಕಟ್ಟಿದ್ದನ್ನು ಶಂಖವೆಂದು ತರುವವರು ಬಹಳ. ಪೆನ್ಸಿಲ್ ತುದಿಯನ್ನು ಒಂದು ಗೆರೆಯ ಮೇಲಿಟ್ಟು, ಮುಟ್ಟಿಯೂ ಮುಟ್ಟದ ಹಾಗೆ ಅದರ ಜೊತೆಗೇ ಸಾಗಿ. ಹೊರಟಲ್ಲಿಗೇ ಬಂದು ಸೇರಿದರೆ ಅದು ಬರೀ ಉಂಗುರ, ತುಕ್ಕಿನ ಕೆಲಸ. ಸುತ್ತುತ್ತಾ ಸುತ್ತುತ್ತಾ ನಡುವಿಗೆ ಕರೆದೊಯ್ದರೆ ಸುರುಳಿ. ಆಗ ಅಡ್ಡಗೋಡೆಗಳನ್ನು ಹುಡುಕಿ. ಅಳಿದುಹೋದ ಕಡಲಜೀವಿ ಅಮೋನೈಟ್‌ನ ಚಿಪ್ಪು ಒಳಗೆ ಕೋಣೆ ಕೋಣೆಯಾಗಿರುತ್ತದೆ, ಗೋಡೆಗಳು ಚಿಪ್ಪಿಗೆ ಸೇರುವಲ್ಲಿ ಅಂಕುಡೊಂಕಿನ ಗೆರೆಗಳು ಮೂಡಿರುತ್ತವೆ. ಅದು ಕಂಡ ದಿನ ಊಟ ಮರೆತು ಕೂರುತ್ತೇನೆ, ಇವತ್ತಿಗೂ.

ಚಿಪ್ಪುಗಳಲ್ಲಿ ಸಮಮಿತಿ ನೋಡಿ, ಅಂದರೆ ಯಾವ ಭಾಗ ಯಾವುದಕ್ಕೆ ಸರಿಹೊಂದುತ್ತದೆ ಎಂದು. ಕಪ್ಪೆಚಿಪ್ಪಿನ ಜಾತಿಯವುಗಳಲ್ಲಿ ಸಾಮಾನ್ಯವಾಗಿ ಎರಡು ಚಿಪ್ಪುಗಳು ಒಂದಕ್ಕೊಂದು ಕನ್ನಡಿಯ ಬಿಂಬ. ಕಡಲಿನ ಇನ್ನೊಂದು ಬಗೆಯ ಚಿಪ್ಪುಜೀವಿ ಬ್ರಾಕಿಯೊಪಾಡ್‌ಗಳಲ್ಲಿ ಒಂದೊಂದು ಚಿಪ್ಪಿನದೇ ಎಡ-ಬಲ ಸಮ. ಮೈತುಂಬ ಮುಳ್ಳಿರುವ ಕಡಲಜೀವಿ ಎಕಿನಾಯ್ಡ್‌ನ ಬೆನ್ನ ಮೇಲೆ ಐದು ದಳ. ಐದರ ಎಣಿಕೆ ಹರಳುಗಳಿಗೆ ಒಗ್ಗುವುದಿಲ್ಲ, ಹಾಗಾಗಿ ಐದು ದಳ ಕಂಡರೆ ನನಗೆ ಧೈರ್ಯ.

ಮೊಟ್ಟೆಗಳ ವಿಚಾರದಲ್ಲಿ ನಿರಾಸೆ ಮಾಡುವುದೇ ನನ್ನ ಪಾಲಿಗೆ ಹೆಚ್ಚು ಬಂದಿದೆ. ಡೈನೋಸಾರ್ ಮೊಟ್ಟೆ ಎಂದು ಬರುವ ಉರುಟು ಕಲ್ಲುಗಳಲ್ಲಿ ಬಹುಪಾಲು ಕಾಂಕ್ರೀಷನ್‌ಗಳು: ಕೆಸರಿನೊಳಗೆ ಖನಿಜ ಒಂದು ಬಿಂದುವಿನ ಸುತ್ತ ಗಟ್ಟಿಯಾಗುತ್ತಾ ಬೆಳೆದ ಗಂಟುಗಳು. ನ್ಯೂಜಿಲೆಂಡ್‌ನ ಮೊಯೆರಾಕಿ ಕಡಲತೀರದಲ್ಲಿ ಇವು ಎರಡು ಮೀಟರ್ ಅಗಲದವರೆಗೂ ಇವೆ. ಇಂಥ ಗಂಟು ಒಳಗೆ ಬಿರುಕು ಬಿಟ್ಟು, ಬಿರುಕಿನಲ್ಲಿ ಕ್ಯಾಲ್ಸೈಟ್ ತುಂಬಿಕೊಂಡರೆ ಥೇಟ್ ಆಮೆಯ ಬೆನ್ನು. ಮೊಟ್ಟೆಗೆ ಓಡು ಇರಲೇಬೇಕು: ಒಳಗಿನ ಕಲ್ಲಿಗಿಂತ ಬೇರೆಯದಾದ ತೆಳು ಪದರ, ಮೇಲ್ಮೈಯಲ್ಲಿ ಉಸಿರಾಟದ ಸಣ್ಣ ರಂಧ್ರಗಳು. ಒಡೆದ ಅಂಚಿನಲ್ಲಿ ಹೊರಗಿನಿಂದ ಒಳಗಿನವರೆಗೂ ಒಂದೇ ವಸ್ತು ಕಂಡರೆ ಅದು ಮೊಟ್ಟೆಯಲ್ಲ. ಆದರೂ ಗಂಟುಗಲ್ಲನ್ನು ಬಿಸಾಡಬೇಡಿ. ಅಮೆರಿಕದ ಇಲಿನಾಯ್‌ನ ಮೇಜನ್ ಕ್ರೀಕ್‌ನಲ್ಲಿ ಇಂಥ ಗಂಟುಗಳ ಹೊಟ್ಟೆಯಲ್ಲೇ ಸುಮಾರು 31 ಕೋಟಿ ವರ್ಷ ಹಳೆಯ ಜರಿ ಎಲೆಗಳು, ಮೆದುಮೈಯ ಪ್ರಾಣಿಗಳು ಉಳಿದುಬಂದಿವೆ.

ಮರ ಮತ್ತು ಮೂಳೆ. ನಾರುನಾರಾದ ಖನಿಜ ಮರದಂತೆ ಕಾಣುತ್ತದೆ, ಆದರೆ ಅಡ್ಡ ಮುರಿದ ಮುಖದಲ್ಲಿ ವಾರ್ಷಿಕ ಉಂಗುರವಾಗಲಿ ನಡುವಿನಿಂದ ಹೊರಟ ಕಿರಣಗೆರೆಗಳಾಗಲಿ ಇರುವುದಿಲ್ಲ. ಅಂಥ ನಾರುಕಲ್ಲನ್ನು ಉಜ್ಜಬೇಡಿ, ಕೆರೆಯಬೇಡಿ. ಆಸ್ಬೆಸ್ಟಾಸ್ ಆಗಿದ್ದರೆ ಪುಡಿ ಶ್ವಾಸಕೋಶಕ್ಕೆ ಹೋಗುತ್ತದೆ. ಮೂಳೆಯ ಹೊರಮೈ ಗಟ್ಟಿ, ಒಳಗೆ ಜಾಲರಿ. ನಾಲಿಗೆಗೆ ಅಂಟಿದರೆ ಮೂಳೆ ಎಂಬ ಮಾತಿದೆ. ಒಣ ಜೇಡಿಯೂ ಅಂಟುತ್ತದೆ, ಆದ್ದರಿಂದ ನಾನು ಯಾರಿಗೂ ಇದನ್ನು ಹೇಳಿಕೊಡುವುದಿಲ್ಲ. ವಿನೆಗರ್ ಹಾಕಿ ನೊರೆ ಬಂತು ಎನ್ನುವುದೂ ಅಷ್ಟೇ. ಸುಣ್ಣಕಲ್ಲು ಪಳೆಯುಳಿಕೆ ಇರಲಿ ಬಿಡಲಿ ನೊರೆ ಬಿಡುತ್ತದೆ, ಜೊತೆಗೆ ಇದ್ದ ಚಿಪ್ಪೂ ಸವೆಯುತ್ತದೆ.

ಕೊನೆಯದಾಗಿ ಇನ್ನೊಂದು ಪ್ರಶ್ನೆ: ಕಂಡದ್ದು ಕಲ್ಲಿನೊಳಗೆ ಇದೆಯೋ, ಕಲ್ಲಿನ ಮೇಲೆ ಇದೆಯೋ? ಮಧ್ಯಪ್ರದೇಶದ ಭೀಮ್‌ಬೇಟ್ಕಾದ ಗುಹೆಯೊಂದರಲ್ಲಿ ಎಲೆಯಂಥ ಗುರುತನ್ನು ಕಂಡ ವಿಜ್ಞಾನಿಗಳು ಅದು ಸುಮಾರು 55 ಕೋಟಿ ವರ್ಷ ಹಿಂದಿನ ಡಿಕಿನ್ಸೋನಿಯಾ ಎಂಬ ಮೆದುಮೈಯ ಕಡಲಜೀವಿ ಎಂದು 2021ರಲ್ಲಿ ಪ್ರಕಟಿಸಿದರು. ಮತ್ತೊಂದು ತಂಡ ಹೋಗಿ ಹತ್ತಿರದಿಂದ ನೋಡಿತು. ಗುರುತು ಬಂಡೆಯ ಪದರದಲ್ಲಿ ಇರಲೇ ಇಲ್ಲ, ಮೇಲೆ ಅಂಟಿಕೊಂಡು ಕಳಚಿ ಬರುತ್ತಿತ್ತು. ಹಳೆಯ ಜೇನುಗೂಡಿನ ಅವಶೇಷ! 2023ರಲ್ಲಿ ಅದು ಅಚ್ಚಾಯಿತು, ಮೊದಲ ತಂಡದ ಮುಖ್ಯ ಲೇಖಕರು ತಪ್ಪನ್ನು ಒಪ್ಪಿಕೊಂಡರು. ಹಾಗೆ ಒಪ್ಪಿಕೊಂಡದ್ದು ನನಗೆ ದೊಡ್ಡದಾಗಿ ಕಾಣುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಪಳೆಯುಳಿಕೆಯೇ ಅನ್ನಿಸಿದರೆ ಸುತ್ತಿಗೆ ಎತ್ತಬೇಡಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಮೂರ್ನಾಲ್ಕು ಕೋನದಿಂದ ಫೋಟೊ ತೆಗೆಯಿರಿ, ಒಂದರಲ್ಲಿ ಸುತ್ತಲಿನ ಪದರಗಳೂ ಕಾಣಲಿ. ಬಂಡೆಯಲ್ಲಿ ಕೂತಿದ್ದರೆ ಅಲ್ಲೇ ಬಿಟ್ಟು, ಜಾಗ ಗುರುತು ಮಾಡಿಕೊಂಡು, ಭೂವಿಜ್ಞಾನ ಬಲ್ಲವರಿಗೆ ತಿಳಿಸಿ. ಉದುರಿ ಬಿದ್ದ ತುಂಡಾದರೆ, ಎತ್ತಿಕೊಳ್ಳಲು ಅಲ್ಲಿ ಅನುಮತಿ ಇದ್ದರೆ, ಆವತ್ತೇ ಒಂದು ಚೀಟಿಯಲ್ಲಿ ಜಾಗ, ತಾರೀಖು, ಯಾವ ಪದರದ ಕೆಳಗೆ ಸಿಕ್ಕಿತು ಎಂದು ಬರೆದು ಕಲ್ಲಿನ ಜೊತೆಗೇ ಇಡಿ. ನನ್ನ ಡೆಂಡ್ರೈಟ್‌ಗೆ ಚೀಟಿ ಇಲ್ಲ. ಅದು ಎಲ್ಲಿ ಸಿಕ್ಕಿತೆಂದು ಈಗ ಎಷ್ಟು ನೆನಪಿಸಿಕೊಂಡರೂ ಹೊಳೆಯುವುದಿಲ್ಲ.